ಶಾಲೆಗೊಂದು ಗುಂಟೆ ಗದ್ದೆ

ಮಲೆನಾಡಿನಲ್ಲಿ ಎರಡು ವರ್ಷಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದು ರೈತನು ಸಸಿಮಡಿಗೆ ಬೀಜ ಚೆಲ್ಲುವ ಹೊತ್ತಿಗೆ ಶಾಲೆಯ ಬಾಗಿಲೂ ತೆರೆಯುತ್ತದೆ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ನಾಟಿ ನಡೆಯುವಾಗ ಮಕ್ಕಳು ಮೊದಲ ಕಿರುಪರೀಕ್ಷೆಗೆ ಓದುತ್ತಿರುತ್ತಾರೆ. ಆಶ್ವಯುಜದ ಭೂಮಿಹುಣ್ಣಿಮೆಯಂದು ಬಸುರಿ ಭೂಮಿತಾಯಿಗೆ ಬಯಕೆಯ ಬುತ್ತಿಯನ್ನು ಅರ್ಪಿಸುವ ಸುಮಾರಿಗೆ ಶಾಲೆಯ ಅರ್ಧ ವರ್ಷ ಮುಗಿದಿರುತ್ತದೆ. ಕೊಯ್ಲು ಒಕ್ಕಲುಗಳು ಮುಗಿದು ಬತ್ತ ಕಣಜ ಸೇರಿದ ಮೇಲೆ ಮಕ್ಕಳು ವಾರ್ಷಿಕ ಪರೀಕ್ಷೆಯ ಸಿದ್ಧತೆಗೆ ತೊಡಗುತ್ತಾರೆ. ಬತ್ತದ ಒಂದು ಸಂಪೂರ್ಣ ಜೀವನ ಶಾಲೆಯ ಒಂದು ವರ್ಷದೊಳಗೆ ಇಷ್ಟು ಒಪ್ಪವಾಗಿ ಅಡಗಿದ್ದರೂ, ಅಕ್ಕಪಕ್ಕದಲ್ಲಿಯೇ ಸಾಗುವ ಈ ಎರಡು ವರ್ಷಗಳು ಪರಸ್ಪರ ಮಾತನಾಡುವುದಿಲ್ಲ. ಶಾಲೆಯ ಬೇಲಿಯ ಆಚೆ ನಾಟಿ. ಈಚೆ ಸಸ್ಯಶಾಸ್ತ್ರದ ಪಾಠ.

ನಮ್ಮ ಸಮಾಜದ ಬಹುಪಾಲು ಮನೆತನಗಳು ಒಕ್ಕಲುತನದ ಬೇರಿನಿಂದ ಬಂದವು. ಭೂಮಿಯು ತಂದೆತಾಯಿಗಳಿಂದ ಮಕ್ಕಳಿಗೆ ಪೌತಿ ಖಾತೆಯ ಮೂಲಕ ಬರುತ್ತದೆ. ಬೇಸಾಯದ ಅರಿವು ಹಾಗೆ ಬರುವುದಿಲ್ಲ. ಅದು ಹಿಂದೆ ತಂದೆಯ ಬೆನ್ನ ಹಿಂದೆ ನಡೆದ ಮಗನಿಗೆ, ತಾಯಿಯ ಜೊತೆ ಕಳೆ ಕಿತ್ತ ಮಗಳಿಗೆ ತಾನೇ ತಾನಾಗಿ ಬರುತ್ತಿತ್ತು. ಇಂದು ಮಗುವಿನ ಹಗಲನ್ನು ಶಾಲೆ ಪಡೆದುಕೊಂಡಿದೆ. ಅದು ಒಳ್ಳೆಯದೇ ಆಯಿತು. ಓದಿಲ್ಲದ ಕಾಲ ಮರಳಿ ಬರಲೆಂದು ಯಾರೂ ಬಯಸಲಾರರು. ಆದರೆ ಹಗಲನ್ನು ಪಡೆದುಕೊಂಡ ಶಾಲೆಯೇ, ಆ ಹಗಲಿನಲ್ಲಿ ದೊರೆಯುತ್ತಿದ್ದ ಅರಿವಿನ ಹೊಣೆಯನ್ನೂ ಹೊರಬೇಕಾಗುತ್ತದೆ. ಈ ಹೊಣೆಯನ್ನು ಯಾರೂ ಹೊರದೆ ಹೋದರೆ ಭೂಮಿ ಉಳಿಯುತ್ತದೆ, ಒಕ್ಕಲು ಉಳಿಯುವುದಿಲ್ಲ. ಪ್ರೌಢಶಾಲೆಯಲ್ಲಿ ಕೃಷಿ ಮತ್ತು ಪರಿಸರವನ್ನು ಕೈಯಾರೆ ಮಾಡಿ ಕಲಿಯುವ ವಿಚಾರವನ್ನು ನಾವು ಇಲ್ಲಿ ಎತ್ತಿಕೊಂಡಿರುವುದು ಈ ಕಾರಣದಿಂದ.

ಕುಪ್ಪಳ್ಳಿಯ ಮನೆ ಹೇಳುವ ಪಾಠ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಸಾಗುವ ಮಾರ್ಗದಲ್ಲಿ, ಕಾಡು ಗದ್ದೆ ತೋಟಗಳ ನಡುವೆ ಇರುವ ಕುಪ್ಪಳ್ಳಿಯನ್ನು ಅರಿಯದ ಕನ್ನಡಿಗರಿಲ್ಲ. 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಬೆಳೆದುದು ಇಲ್ಲಿಯ ತೊಟ್ಟಿಮನೆಯಲ್ಲಿ. 1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಈ ಮನೆಯನ್ನು ಕವಿಮನೆಯಾಗಿ ಕಾಪಾಡಿಕೊಂಡು ಬಂದಿದೆ. ಮಳೆಗಾಲ ಕಳೆದ ಮೇಲೆ ನಾಡಿನ ನಾನಾ ಕಡೆಗಳಿಂದ ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಇಲ್ಲಿಗೆ ಬರುತ್ತವೆ. ಮಕ್ಕಳು ಸಾಲಾಗಿ ಒಳಹೊಕ್ಕು, ಕೆತ್ತನೆಯ ಕಂಬಗಳನ್ನು, ಕವಿಯ ಪುಸ್ತಕ ಪದಕಗಳನ್ನು ನೋಡಿ, ಕವಿಶೈಲದ ಬಂಡೆಗಳ ಮೇಲೆ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ.

ಈ ಮನೆಯಲ್ಲಿ ಕವಿಯ ವಸ್ತುಗಳ ಜೊತೆಗೆ ಹಳೆಯ ಬೇಸಾಯದ ಸಲಕರಣೆಗಳನ್ನೂ, ಅಡುಗೆಮನೆಯ ಪಾತ್ರೆಪರಡಿಗಳನ್ನೂ, ಅಳತೆಯ ಸಾಧನಗಳನ್ನೂ ಜೋಡಿಸಿಡಲಾಗಿದೆ. ಆ ವಸ್ತುಗಳ ಮುಂದೆ ನಿಂತ ಮಕ್ಕಳಲ್ಲಿ ಎಷ್ಟು ಮಂದಿ ಅವುಗಳ ಹೆಸರನ್ನು ಹೇಳಬಲ್ಲರು? ಕೊಳಗ ಯಾವುದು, ಅದರಲ್ಲಿ ಎಷ್ಟು ಬತ್ತ ಹಿಡಿಯುತ್ತದೆ, ಯಾವ ಮರದಿಂದ ನೇಗಿಲು ಮಾಡುತ್ತಿದ್ದರು, ಆ ಮರವೇ ಏಕೆ ಬೇಕಾಗಿತ್ತು? ಬಯಲುಸೀಮೆಯ ಮಕ್ಕಳು ಹೋಗಲಿ, ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಕ್ಕಳಿಗೂ ಇಂದು ಅವು ಗಾಜಿನ ಆಚೆಗಿನ ಪುರಾತನ ವಸ್ತುಗಳೇ ಆಗುತ್ತಿವೆ. ತಾತ ಬಳಸಿದ ವಸ್ತು ಮೊಮ್ಮಗನಿಗೆ ವಸ್ತುಸಂಗ್ರಹಾಲಯದಲ್ಲಿ ಮೊದಲ ಬಾರಿಗೆ ಕಾಣಸಿಗುವುದೆಂದರೆ ಅದು ಯೋಚಿಸಬೇಕಾದ ಸಂಗತಿ.

ಕುವೆಂಪು ಅವರ ಮೊದಲ ಓದು ಸಾಗಿದ್ದು ಮನೆಯಲ್ಲಿಯೇ, ಮನೆಯವರು ನೇಮಿಸಿದ ಉಪಾಧ್ಯಾಯರ ಬಳಿ. ಆ ಬಳಿಕ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ, ಅನಂತರ ಮೈಸೂರು. ಮುಂದೆ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಳಲ್ಲಿ ಕಾಡು, ಗದ್ದೆ, ಆಳುಕಾಳುಗಳ ಬದುಕು ಅಷ್ಟು ಸೂಕ್ಷ್ಮವಾಗಿ ಮೂಡಿದುದಕ್ಕೆ ಅಕ್ಷರವಿದ್ಯೆಯಷ್ಟೇ ಈ ಪರಿಸರದ ಒಡನಾಟವೂ ಕಾರಣವಾಗಿತ್ತು. ಅವರ ಸುಪುತ್ರರಾದ ಪೂರ್ಣಚಂದ್ರ ತೇಜಸ್ವಿಯವರು ಉನ್ನತ ವ್ಯಾಸಂಗದ ಅನಂತರ ಮೂಡಿಗೆರೆಗೆ ಹೋಗಿ ಕೃಷಿಕರಾಗಿ ನೆಲೆಸಿದರು. 2007ರಲ್ಲಿ ನಿಧನರಾಗುವವರೆಗೂ ತೋಟ ಮತ್ತು ಕಾಡೇ ಅವರ ಅಧ್ಯಯನದ ಕೊಠಡಿಯಾಗಿತ್ತು. 1980ರಲ್ಲಿ ಪ್ರಕಟವಾದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಹೆಸರಾಂತ ವಿಜ್ಞಾನಿಯೊಬ್ಬರು ಮಂದಣ್ಣನೆಂಬ ಹಳ್ಳಿಯ ಯುವಕನನ್ನು ಅರಸಿಕೊಂಡು ಬರುತ್ತಾರೆ. ಊರಿನವರ ಕಣ್ಣಿಗೆ ಉಪಯೋಗಕ್ಕೆ ಬಾರದವನಂತೆ ಕಾಣುತ್ತಿದ್ದ ಆ ಮಂದಣ್ಣನೇ ವಿಜ್ಞಾನಿಯ ಕಣ್ಣಿಗೆ ಅಪರೂಪದ ವೀಕ್ಷಕ. ನಮ್ಮ ಪ್ರತಿ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಮಂದಣ್ಣನಿದ್ದಾನೆ. ಅವನಿಗೆ ಹಕ್ಕಿಯ ಗೂಡು ಗೊತ್ತು, ಜೇನಿನ ಜಾಡು ಗೊತ್ತು, ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆಂದು ಗೊತ್ತು. ಆದರೆ ಇವುಗಳಲ್ಲಿ ಯಾವುದಕ್ಕೂ ನಮ್ಮ ಪ್ರಶ್ನಪತ್ರಿಕೆಯಲ್ಲಿ ಸ್ಥಾನವಿಲ್ಲ.

ಶಿವಪ್ಪನಾಯಕನ ಹನ್ನೆರಡು ವರ್ಷ

ಕೈಯಾರೆ ಮಾಡಿ ಕಲಿಯುವ ವಿದ್ಯೆ ಹೊರದೇಶದಿಂದ ಬಂದ ಹೊಸ ಪದ್ಧತಿಯೆಂದು ಭಾವಿಸುವವರು ನಮ್ಮ ಕೆಳದಿ ಅರಸರ ಚರಿತ್ರೆಯನ್ನೊಮ್ಮೆ ನೋಡಬೇಕು. ಸಾಗರದ ಕೆಳದಿ ಇಕ್ಕೇರಿಗಳು, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ, ಈ ಮೂರೂ ತಾಲ್ಲೂಕುಗಳಲ್ಲಿ ಆ ವೀರಶೈವ ಅರಸುಮನೆತನದ ಹೆಜ್ಜೆಗಳಿವೆ. ಅವರಲ್ಲಿ ಪ್ರಖ್ಯಾತನಾದ ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿದನು. ಅವನು ಗೊತ್ತುಪಡಿಸಿದ ಭೂಕಂದಾಯದ ಕ್ರಮವು ‘ಶಿವಪ್ಪನಾಯಕನ ಶಿಸ್ತು’ ಎಂದು ಇಂದಿಗೂ ಜನಮನದಲ್ಲಿದೆ.

ಆ ಶಿಸ್ತನ್ನು ಆತನು ರೂಪಿಸಿದ ಬಗೆಯನ್ನು ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ವಿವರಿಸಿದ್ದಾರೆ. ಅರಮನೆಯಲ್ಲಿ ಕುಳಿತು ಅಂದಾಜಿನಿಂದ ತೆರಿಗೆ ವಿಧಿಸುವ ಬದಲು, ಪ್ರತಿ ಗ್ರಾಮದಲ್ಲಿ ಒಂದೊಂದು ಬಗೆಯ ಭೂಮಿಗೂ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ತನ್ನ ವೆಚ್ಚದಲ್ಲಿಯೇ ಸತತವಾಗಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ಬೇಸಾಯಕ್ಕೆ ತಗುಲಿದ ಖರ್ಚೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ವರ್ಷವರ್ಷವೂ ಲೆಕ್ಕ ಬರೆಯಿಸಿ, ಅವುಗಳ ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ನಿಗದಿಪಡಿಸಿದನು. ಒಂದು ವರ್ಷದ ಒಳ್ಳೆಯ ಮಳೆಯಾಗಲಿ, ಇನ್ನೊಂದು ವರ್ಷದ ಅತಿವೃಷ್ಟಿಯಾಗಲಿ ದಾರಿ ತಪ್ಪಿಸಬಾರದೆಂಬ ವಿವೇಕವು ಆ ಹನ್ನೆರಡು ವರ್ಷಗಳ ಕಾಯುವಿಕೆಯಲ್ಲಿದೆ. ಇದೇ ಮನೆತನದ ಬಸಪ್ಪನಾಯಕನು 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಗ್ರಂಥವಿದ್ಯೆಯೂ ಗದ್ದೆಯ ವಿದ್ಯೆಯೂ ಒಂದೇ ಮನೆಯಲ್ಲಿ ಕೂಡಿ ಬಾಳಿದ್ದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಬಿತ್ತುವುದು, ಅಳೆಯುವುದು, ಬರೆಯುವುದು, ವರ್ಷದಿಂದ ವರ್ಷಕ್ಕೆ ಹೋಲಿಸುವುದು, ಈ ನಾಲ್ಕು ಸೇರಿದರೆ ಅದು ವಿಜ್ಞಾನ. ಇವುಗಳಲ್ಲಿ ಮೊದಲನೆಯದಷ್ಟೇ ಇದ್ದರೆ ಅದು ಕೂಲಿ. ಶಾಲೆಯ ತೋಟವು ಶಿಕ್ಷಣವಾಗುವುದೋ ದುಡಿಮೆಯಾಗುವುದೋ ಎಂಬುದನ್ನು ನಿರ್ಧರಿಸುವುದು ಗುದ್ದಲಿಯಲ್ಲ, ಗುದ್ದಲಿಯ ಪಕ್ಕದಲ್ಲಿ ಇರಬೇಕಾದ ಲೆಕ್ಕದ ಪುಸ್ತಕ. ನಾವು ಈ ಲೇಖನದಲ್ಲಿ ಹೇಳಬಯಸುವ ಮುಖ್ಯ ಮಾತು ಇಷ್ಟೇ.

ಅಳತೆ ಅರಿಯದವನ ಪಾಡನ್ನೂ ಇದೇ ನೆಲ ಕಂಡಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದ ಮೂಲದಲ್ಲಿ ಗೇಣಿ ಬತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿತ್ತು. ಎಚ್. ಗಣಪತಿಯಪ್ಪನವರು ಮುಂದಾಳಾಗಿದ್ದ ಆ ಚಳವಳಿಗೆ ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅಲ್ಲಿ ಭೂಒಡೆಯರ ಪಕ್ಷದಲ್ಲಿ ನಮ್ಮ ಸಮಾಜದವರೂ ಇದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಕೊಳಗ ದೊಡ್ಡದೋ ಚಿಕ್ಕದೋ ಎಂದು ಅಳೆದು ಪ್ರಶ್ನಿಸಬಲ್ಲವನೇ ನ್ಯಾಯವನ್ನು ಕೇಳಬಲ್ಲನು. ಇಂದು ಕೊಳಗದ ಸ್ಥಾನದಲ್ಲಿ ತೂಕದ ಯಂತ್ರವಿದೆ, ಗೊಬ್ಬರದ ಚೀಲದ ಮೇಲಿನ ಅಂಕಿಗಳಿವೆ, ಅಡಿಕೆ ಮಂಡಿಯ ರಾಶಿ, ಬೆಟ್ಟೆ, ಗೊರಬಲುಗಳ ದರಪಟ್ಟಿಯಿದೆ. ಅವುಗಳನ್ನು ಓದಬಲ್ಲ ಮಗುವನ್ನು ಮಾತ್ರ ಕೃಷಿಕನಾಗಿ ಬಾಳಲು ಸಿದ್ಧವಾದ ಮಗುವೆನ್ನಬಹುದು.

ಪೋಷಕರ ಆಕ್ಷೇಪ ಮತ್ತು ಶರಣರ ಉತ್ತರ

“ಮಕ್ಕಳನ್ನು ಓದಲು ಕಳುಹಿಸಿದ್ದೇವೆ ಸ್ವಾಮಿ, ಅಗೆಯಲು ಅಲ್ಲ” ಎಂಬುದು ಪೋಷಕರ ಸಾಮಾನ್ಯ ಆಕ್ಷೇಪ. ಇದನ್ನು ಸೋಮಾರಿತನದ ಮಾತೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಬಿಸಿಲು ಮಳೆಗಳಲ್ಲಿ ನವೆದು, ಬೆಳೆಗೆ ಬೆಲೆ ಸಿಗದೆ ಸಾಲದಲ್ಲಿ ನೊಂದ ತಂದೆಯು ತನ್ನ ಮಗನಿಗೆ ಈ ಪಾಡು ಬೇಡವೆಂದು ಬಯಸಿದರೆ ತಪ್ಪೇನು? ಇನ್ನೂ ಆಳವಾದ ನೋವೊಂದಿದೆ. ಶಾಲೆಗಳಲ್ಲಿ ‘ಶ್ರಮದಾನ’ದ ಹೆಸರಿನಲ್ಲಿ ಕೆಲವು ಜಾತಿಯ ಮಕ್ಕಳಿಗೆ ಮಾತ್ರ ಕಸ, ಕೊಳೆಗಳ ಕೆಲಸ ಬಂದದ್ದುಂಟು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿ ಇಡೀ ನಾಡನ್ನು ತಲೆತಗ್ಗಿಸುವಂತೆ ಮಾಡಿತು. ತಲೆಮಾರುಗಳಿಂದ ಅಗೆಯುತ್ತಲೇ ಬಂದವರ ಮಕ್ಕಳ ಕೈಗೆ ಶಾಲೆಯಲ್ಲಿಯೂ ಗುದ್ದಲಿ ಕೊಡುವ ಮುನ್ನ ನಾವು ಹತ್ತು ಬಾರಿ ಯೋಚಿಸಬೇಕು.

ಈ ಆಕ್ಷೇಪಕ್ಕೆ ಉತ್ತರವನ್ನು ಹನ್ನೆರಡನೆಯ ಶತಮಾನದ ಶರಣರು ಬಾಳಿ ತೋರಿದ್ದಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯ, ದನ ಕಾಯ್ದ ತುರುಗಾಹಿ ರಾಮಣ್ಣ, ಹೊಲ ಉತ್ತ ಒಕ್ಕಲಿಗ ಮುದ್ದಣ್ಣ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಇವರೆಲ್ಲ ಅನುಭವಮಂಟಪದಲ್ಲಿ ಸಮಾನ ಆಸನ ಪಡೆದವರು. ಅಲ್ಲಿ ದುಡಿಯುವವನೂ ಅರಿಯುವವನೂ ಬೇರೆಬೇರೆಯಾಗಿರಲಿಲ್ಲ. ಕಾಯಕವು ಕೂಲಿಗಿಂತ ಭಿನ್ನವಾಗುವುದು ಮೂರು ಕಾರಣಗಳಿಂದ. ಅದು ಎಲ್ಲರಿಗೂ ಸಮಾನ. ಅದರಲ್ಲಿ ಅರಿವು ಇದೆ. ಅದರ ಫಲ ದಾಸೋಹಕ್ಕೆ ಸಲ್ಲುತ್ತದೆ. ಶಾಲೆಯ ಕೃಷಿಗೂ ಈ ಮೂರೇ ನಿಯಮಗಳು ಸಾಕು. ಮೊದಲನೆಯದಾಗಿ, ಡಾಕ್ಟರರ ಮಗಳೂ ಕೂಲಿಕಾರನ ಮಗನೂ ಒಂದೇ ಸಾಲಿನಲ್ಲಿ ನಿಂತು ನಾಟಿ ಮಾಡಬೇಕು, ಗುರುಗಳೂ ಅದೇ ಕೆಸರಿನಲ್ಲಿ ಇಳಿದಿರಬೇಕು. ಕೆಲಸವು ಎಂದಿಗೂ ಶಿಕ್ಷೆಯ ರೂಪದಲ್ಲಿ ಬರಬಾರದು. ಎರಡನೆಯದಾಗಿ, ಮಾಡಿದ ಪ್ರತಿಯೊಂದು ಕೆಲಸವೂ ಪಾಠದ ಪುಸ್ತಕಕ್ಕೆ ಮರಳಬೇಕು. ಮೂರನೆಯದಾಗಿ, ಬೆಳೆದುದು ಮಕ್ಕಳ ಊಟದ ತಟ್ಟೆಗೇ ಬರಬೇಕು. ಯಾರೊಬ್ಬರ ಮನೆಗೂ ಹೋಗಬಾರದು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಓದುಗರೆಲ್ಲ ಬಲ್ಲರು. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ತಾಯಿ ಆಕೆ. ನಿಸರ್ಗದಿಂದ ಬೇಕಾದಷ್ಟನ್ನೇ ಪಡೆಯಬೇಕೆಂದು ಇಂದಿನ ಪರಿಸರಶಾಸ್ತ್ರವು ಅಂಕಿಅಂಶಗಳೊಡನೆ ಹೇಳುತ್ತಿರುವುದನ್ನು ಆ ಮಹಾತಾಯಿ ತನ್ನ ಮನೆಯ ಅಂಗಳದಲ್ಲಿ ನಿಂತು ಹೇಳಿದಳು.

ಬಂದು ಹೋದ ಯೋಜನೆಗಳು

ಸರ್ಕಾರ ಮತ್ತು ಚಿಂತಕರು ಈ ವಿಷಯದಲ್ಲಿ ಸುಮ್ಮನಿದ್ದರೆಂದು ಹೇಳಲಾಗದು. ರವೀಂದ್ರರು 1922ರಲ್ಲಿ ಶ್ರೀನಿಕೇತನವನ್ನೂ, 1924ರಲ್ಲಿ ಗ್ರಾಮದ ಮಕ್ಕಳಿಗಾಗಿ ಶಿಕ್ಷಾಸತ್ರವನ್ನೂ ತೆರೆದರು. ಮಹಾತ್ಮ ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ನಯೀ ತಾಲೀಮನ್ನು ಮುಂದಿಟ್ಟರು. ಕನ್ನಡ ನಾಡಿನಲ್ಲಿ ಅದು ಮೂಲಶಿಕ್ಷಣವೆಂಬ ಹೆಸರಿನಿಂದ ಬಂದಿತು. 1952-53ರ ಮುದಲಿಯಾರ್ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳಲ್ಲಿ ಕೃಷಿಯನ್ನೂ ಒಂದು ಐಚ್ಛಿಕ ವಿಭಾಗವಾಗಿಸಲು ಹೇಳಿತು. 1964-66ರ ಕೊಠಾರಿ ಆಯೋಗವು ಕಾರ್ಯಾನುಭವವನ್ನು, 1977ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಸೂಚಿಸಿದವು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೂ ಮತ್ತೆ 2003ರಲ್ಲಿಯೂ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ಆದೇಶಿಸಿತು. 2001ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶಾಲೆಗಳಿಗೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದಿತು.

ನೂರು ವರ್ಷಗಳ ಈ ಸದಾಶಯಗಳು ಏಕೆ ಬೇರೂರಲಿಲ್ಲ? ನಮಗೆ ತೋರುವ ಕಾರಣಗಳು ಸರಳ. ಕಾರ್ಯಾನುಭವಕ್ಕೆ ವೇಳಾಪಟ್ಟಿಯಲ್ಲಿ ಸ್ಥಳವಿತ್ತು, ಸಾರ್ವಜನಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ತೂಕವಿರಲಿಲ್ಲ. ಕೃಷಿಯನ್ನು ಬಲ್ಲವನಿಗೆ ಬೋಧನೆಯ ಪದವಿ ಇರಲಿಲ್ಲ. ಪದವಿಯಿದ್ದವನಿಗೆ ಕೃಷಿ ತಿಳಿದಿರಲಿಲ್ಲ. ಪರಿಸರವು ಪಠ್ಯದ ಇನ್ನೊಂದು ಅಧ್ಯಾಯವಾಗಿ, ಕಂಠಪಾಠದ ಇನ್ನೊಂದು ಉತ್ತರವಾಗಿ ಮುಗಿಯಿತು. ಜೂನ್ 5ರಂದು ಗಿಡ ನೆಡುವ ಸಮಾರಂಭವನ್ನೇ ನೋಡಿ. ಗಣ್ಯರು ಬರುತ್ತಾರೆ, ಗಿಡ ನೆಡುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ನೆಟ್ಟ ಗಿಡಗಳಲ್ಲಿ ಮುಂದಿನ ಜೂನಿಗೆ ಎಷ್ಟು ಬದುಕಿವೆ, ಸತ್ತವು ಏಕೆ ಸತ್ತವು, ದನ ತಿಂದಿತೋ ಬೇಸಿಗೆಯ ನೀರು ತಪ್ಪಿತೋ ಎಂದು ಎಣಿಸುವ ಶಾಲೆಗಳು ವಿರಳ. ಆ ಎಣಿಕೆಯಲ್ಲಿಯೇ ಪರಿಸರ ಶಿಕ್ಷಣ ಇರುವುದು.

ಒಂದು ಗುಂಟೆಯೊಳಗಿನ ಪಠ್ಯಕ್ರಮ

ಹಾಗಾದರೆ ಮಲೆನಾಡಿನ ಒಂದು ಪ್ರೌಢಶಾಲೆ ಏನು ಮಾಡಬಹುದು? ಒಂದು ಗುಂಟೆ, ಎಂದರೆ ಮೂವತ್ತಮೂರು ಅಡಿ ಉದ್ದಗಲದ ನೆಲ ಸಾಕು. ಶಾಲೆಗೆ ಸ್ವಂತ ಗದ್ದೆಯಿಲ್ಲದಿದ್ದರೆ ನೆರೆಯ ರೈತರೊಬ್ಬರು ತಮ್ಮ ಗದ್ದೆಯ ಒಂದು ಮೂಲೆಯನ್ನು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಾರು. ಎಂಟನೆಯ ತರಗತಿಯ ಮಕ್ಕಳೇ ಹಗ್ಗ ಹಿಡಿದು ಗುಂಟೆಯನ್ನು ಅಳೆಯಲಿ. ಕ್ಷೇತ್ರಫಲದ ಪಾಠ ಅಲ್ಲಿಯೇ ಮುಗಿಯುತ್ತದೆ. ಅರ್ಧಕ್ಕೆ ಇಂದಿನ ತಳಿಯನ್ನೂ, ಉಳಿದರ್ಧಕ್ಕೆ ಊರಿನ ಹಳೆಯ ತಳಿಯನ್ನೂ ಬಿತ್ತಲಿ. ಸಾಗರ ಸೊರಬಗಳ ವರದಾ ನದಿಯ ತಗ್ಗಿನಲ್ಲಿ ನೆರೆಯ ನೀರನ್ನು ತಾಳಿ ನಿಲ್ಲುವ ನೆರೆಗುಳಿಯೆಂಬ ಬತ್ತವಿದೆಯೆಂಬುದನ್ನು ಆ ಭಾಗದ ಮಕ್ಕಳಾದರೂ ಕಣ್ಣಾರೆ ಕಾಣಬೇಡವೇ? ಬೀಜದ ತೂಕ, ಗೊಬ್ಬರದ ಬೆಲೆ, ಆಳಿನ ದಿನ, ಕಳೆ ಕಿತ್ತ ಗಂಟೆಗಳೆಲ್ಲ ಪುಸ್ತಕಕ್ಕೆ ಏರಲಿ. ಕೊಯ್ಲಿನ ದಿನ ತೂಗಿದಾಗ ಗುಂಟೆಗೆ 45 ಕಿಲೋ ಬತ್ತ ಬಂದರೆ, ನಲವತ್ತು ಗುಂಟೆಯ ಎಕರೆಗೆ 18 ಕ್ವಿಂಟಾಲ್ ಆಯಿತೆಂದು ಮಗು ತಾನೇ ಲೆಕ್ಕ ಹಾಕುತ್ತದೆ. ಖರ್ಚನ್ನು ಕಳೆದಾಗ ಉಳಿದುದೆಷ್ಟು ಎಂದು ಕಂಡ ಮಗುವಿಗೆ, ಸುತ್ತಲಿನ ಗದ್ದೆಗಳು ಏಕೆ ಅಡಿಕೆ ತೋಟಗಳಾಗುತ್ತಿವೆ ಎಂಬ ಅರ್ಥಶಾಸ್ತ್ರವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ತನ್ನ ತಂದೆಯ ದುಡಿಮೆಯ ಬೆಲೆಯೂ ಅದಕ್ಕೆ ಮೊದಲ ಬಾರಿಗೆ ಅಂಕಿಗಳಲ್ಲಿ ಕಾಣುತ್ತದೆ.

ಎರಡನೆಯ ಸಾಧನ ಮಳೆಮಾಪಕ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ತಾಲ್ಲೂಕು ತೀರ್ಥಹಳ್ಳಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ, ಪ್ರತಿದಿನ ಬೆಳಗ್ಗೆ ಅದೇ ಹೊತ್ತಿಗೆ ಓದುವ ಒಬ್ಬ ವಿದ್ಯಾರ್ಥಿ, ಇಷ್ಟು ಸಾಕು. ಅದರ ಪಕ್ಕದ ಕಲಮಿನಲ್ಲಿ ಊರಿನ ತೋಟಗಳಿಗೆ ಕೊಳೆರೋಗ ಯಾವ ದಿನ ತಗುಲಿತೆಂದು ಬರೆಯಲಿ. ಬಿಡುವಿಲ್ಲದ ಮಳೆಗೂ ಕೊಳೆಗೂ ಇರುವ ನಂಟು ಮೂರು ನಾಲ್ಕು ವರ್ಷಗಳಲ್ಲಿ ಮಕ್ಕಳ ಬರಹದಿಂದಲೇ ಎದ್ದು ಕಾಣುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗದ ಅಧ್ಯಯನವನ್ನು ಪ್ರಕಟಿಸಿ, ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದರು. ‘ಕೊಳೆರೋಗ’ವೆಂಬ ನಮ್ಮ ಕನ್ನಡ ಪದವೇ ಪ್ರಪಂಚದ ಸಸ್ಯರೋಗಶಾಸ್ತ್ರದ ಗ್ರಂಥಗಳಿಗೆ ಸೇರಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಶೇಕಡಾ ಒಂದರ ದ್ರಾವಣವೆಂದರೇನೆಂದು ರಸಾಯನಶಾಸ್ತ್ರದ ಶಿಕ್ಷಕರು ಇದರಿಂದಲೇ ವಿವರಿಸಬಹುದು. ಮಕ್ಕಳು ಪ್ರಯೋಗಶಾಲೆಯಲ್ಲಿ ಇದರ ಅಳತೆಯನ್ನು ಕಲಿಯಲಿ. ಮರ ಹತ್ತುವುದು, ಔಷಧಿ ಸಿಂಪಡಿಸುವುದು ಮಾತ್ರ ಮಕ್ಕಳ ಕೆಲಸವಲ್ಲವೆಂದು ಕಟ್ಟುನಿಟ್ಟಾಗಿ ಹೇಳಿಬಿಡಬೇಕು. ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು ಕಾನೂನೂ ನಿಷೇಧಿಸಿದೆ.

ಮೂರನೆಯದು ಕಾಡು. ಅಡಿಕೆ ತೋಟಕ್ಕೆ ಸೊಪ್ಪು, ದರಗುಗಳನ್ನು ಒದಗಿಸುವ ಸೊಪ್ಪಿನಬೆಟ್ಟ, ನೀರಿನ ತಾಯಿಯಾದ ಕಾನು, ಊರು ತಲೆಮಾರುಗಳಿಂದ ಕಾಯ್ದ ದೇವರಕಾಡು, ಇವು ಮೂರೂ ನಮ್ಮ ಪೂರ್ವಿಕರ ಪರಿಸರನೀತಿಯ ದಾಖಲೆಗಳು. ಏಪ್ರಿಲ್ ತಿಂಗಳಲ್ಲಿ ಕಾನಿನ ಕೆಳಗಿನ ಹಳ್ಳದಲ್ಲಿ ನೀರೆಷ್ಟು, ಅಕೇಶಿಯಾ ನೆಡುತೋಪಿನ ಕೆಳಗಿನ ಹಳ್ಳದಲ್ಲಿ ನೀರೆಷ್ಟು ಎಂದು ಮಕ್ಕಳು ನೋಡಿ ಬರೆಯಲಿ. ತೀರ್ಮಾನವನ್ನು ಅವರೇ ತಲುಪಲಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹೆಸರುಗಳನ್ನು, ಅಲ್ಲಿಂದ ಎದ್ದು ಬಂದ ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದೂ ಪರಿಸರ ಅಧ್ಯಯನವೇ.

ಕಾಡೆಂದರೆ ಬರಿಯ ಸೊಬಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವು ಜೀವಗಳನ್ನು ಬಲಿ ತೆಗೆದುಕೊಂಡಿತು. ದರಗು ತರಲು ಕಾಡಿಗೆ ಹೋಗುವ ಚಳಿಗಾಲ ಬೇಸಿಗೆಗಳೇ ಈ ರೋಗದ ಕಾಲ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಮೈಯಲ್ಲಿ ಉಣುಗು ಇದೆಯೇ ಎಂದು ಪರೀಕ್ಷಿಸಬೇಕು. ಈ ಪಾಠವನ್ನು ಕಲಿತ ಒಂದು ಮಗು ತನ್ನ ಇಡೀ ಮನೆಯನ್ನು ಕಾಯಬಲ್ಲದು. ಮಲೆನಾಡಿನ ಪರಿಸರ ಶಿಕ್ಷಣದಲ್ಲಿ ಪ್ರಾಣದ ಪ್ರಶ್ನೆಯೂ ಇದೆಯೆಂಬುದನ್ನು ನೀತಿ ರೂಪಿಸುವವರು ಮರೆಯಬಾರದು.

ಮಕ್ಕಳಿಂದ ಹಿರಿಯರಿಗೆ

ಮಕ್ಕಳು ಕಲಿತ ಕೃಷಿ ಹಿರಿಯರನ್ನೂ ತಿದ್ದಬಲ್ಲದೆಂಬುದಕ್ಕೆ ಹೊರದೇಶದ ಒಂದು ಉದಾಹರಣೆಯನ್ನು ನೋಡಬಹುದು. ಅಮೆರಿಕದ ಒಹಾಯೋ ರಾಜ್ಯದಲ್ಲಿ 1902ರಲ್ಲಿ ಎ. ಬಿ. ಗ್ರಹಾಂ ಎಂಬ ಗ್ರಾಮೀಣ ಶಾಲೆಗಳ ಅಧಿಕಾರಿಯು ಶಾಲಾಮಕ್ಕಳ ಕೃಷಿಸಂಘವನ್ನು ಆರಂಭಿಸಿದನು. ಮಕ್ಕಳು ಮಣ್ಣನ್ನು ಪರೀಕ್ಷಿಸಿದರು, ಹೊಸ ಮುಸುಕಿನ ಜೋಳದ ಬೀಜವನ್ನು ಸಣ್ಣ ತುಂಡು ನೆಲದಲ್ಲಿ ಬೆಳೆದು ಲೆಕ್ಕ ಬರೆದರು. ವಿಶ್ವವಿದ್ಯಾಲಯದ ಪಂಡಿತರ ಮಾತನ್ನು ನಂಬದಿದ್ದ ರೈತರು ತಮ್ಮ ಮಕ್ಕಳ ತುಂಡು ನೆಲದ ಬೆಳೆಯನ್ನು ಕಂಡು ನಂಬಿದರು. ಅಂತಹ ಸಂಘಗಳೇ ಮುಂದೆ ಫೋರ್-ಎಚ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹರಡಿದವು. ಅವರ ಪುಸ್ತಕದಲ್ಲಿದ್ದುದೂ ಶಿವಪ್ಪನಾಯಕನ ಲೆಕ್ಕದ ಅಂಕಣಗಳೇ: ಬೀಜ, ಖರ್ಚು, ಬೆಳೆ, ಬೆಲೆ.

ನಮ್ಮಲ್ಲಿ ಗುರುಗಳ ಕೊರತೆಯಿದೆಯೆಂಬ ಮಾತನ್ನು ನಾವು ಒಪ್ಪಲಾರೆವು. ಪ್ರತಿ ಊರಿನಲ್ಲಿ ಕಸಿ ಕಟ್ಟಬಲ್ಲ ಹಿರಿಯರಿದ್ದಾರೆ, ಸೊಪ್ಪುಗಳ ಗುಣ ಬಲ್ಲ ಅಜ್ಜಿಯರಿದ್ದಾರೆ. ತೀರ್ಥಹಳ್ಳಿಯಲ್ಲಿ ಸಾವಯವ ಬೇಸಾಯಕ್ಕಾಗಿ ದುಡಿದ ಪುರುಷೋತ್ತಮ ರಾಯರ ಕೃಷಿ ಪ್ರಯೋಗ ಪರಿವಾರದಂತಹ ಬಳಗ ಬೆಳೆದಿದೆ. ಶಿವಮೊಗ್ಗೆಯಲ್ಲಿ 2012ರಲ್ಲಿ ಸ್ಥಾಪಿತವಾಗಿ, ಈಗ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಆವರಣವನ್ನು ಹೊಂದಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪನಾಯಕನ ಹೆಸರನ್ನೇ ಇಡಲಾಗಿದೆ. ಹೆಸರಿಗೆ ತಕ್ಕಂತೆ ಅಲ್ಲಿಯ ವಿದ್ವಾಂಸರು ಸುತ್ತಲಿನ ಶಾಲೆಗಳಿಗೆ ವರ್ಷಕ್ಕೊಮ್ಮೆಯಾದರೂ ಇಳಿದು ಬಂದರೆ ಆ ಪುಣ್ಯಾತ್ಮನ ಋಣ ತೀರೀತು. ಊರಿನ ರೈತನಿಗೆ ವರ್ಷದಲ್ಲಿ ಹತ್ತು ದಿನ ತರಗತಿಯ ಮುಂದೆ ನಿಲ್ಲುವ ಗೌರವ ಕೊಟ್ಟು, ಗೌರವಧನವನ್ನೂ ಕೊಡಬೇಕು. ತನ್ನ ತಂದೆ ಗುರುಗಳ ಕುರ್ಚಿಯ ಪಕ್ಕದಲ್ಲಿ ನಿಂತು ಪಾಠ ಹೇಳುವುದನ್ನು ಕಂಡ ಮಗು ಒಕ್ಕಲುತನವನ್ನು ಕೀಳೆಂದು ಬಗೆಯಲಾರದು.

ನಮ್ಮ ಮಠಗಳು ಈ ಕಾರ್ಯಕ್ಕೆ ಅಪರಿಚಿತವಲ್ಲ. ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ಹೂದೋಟಕ್ಕೆ ನೀರೆರೆಯುವುದು ಸಂಸ್ಕೃತದ ಪಾಠದಷ್ಟೇ ನಿತ್ಯದ ಕೆಲಸವಾಗಿತ್ತು. ತೋಂಟದ ಸಿದ್ಧಲಿಂಗೇಶ್ವರರಿಗೆ ಆ ಹೆಸರು ಬಂದುದೇ ಅವರು ತೋಟದಲ್ಲಿ ಶಿವಯೋಗಕ್ಕೆ ಕುಳಿತುದರಿಂದ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯೊಡನೆ ದನಗಳ ಪರಿಷೆಯೂ ಕೃಷಿ ವಸ್ತುಪ್ರದರ್ಶನವೂ ನಡೆಯುತ್ತವೆ. ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಗಳು ರೈತರಿಗೆ ಮಾರ್ಗದರ್ಶನ ನೀಡುತ್ತಿವೆ. ಮಠಗಳ ಆಶ್ರಯದಲ್ಲಿ ನಡೆಯುವ ಪ್ರೌಢಶಾಲೆಗಳೊಡನೆ ಇಂತಹ ಕೇಂದ್ರಗಳು ಕೈಗೂಡಿಸಿದರೆ, ಸರ್ಕಾರದ ಹೊಸ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಆಂತರಿಕ ಮೌಲ್ಯಮಾಪನದ ಅಂಕಗಳು ಈಗಾಗಲೇ ಇವೆ. ಅಂಗಡಿಯಿಂದ ಕೊಂಡು ತಂದ ಮಾದರಿಗಳಿಗೆ ಆ ಅಂಕಗಳನ್ನು ಕೊಡುವ ಬದಲು, ಮಗು ತನ್ನ ಕೈಯಿಂದ ಬರೆದ ಮಳೆಯ ಪುಸ್ತಕಕ್ಕೆ, ಗದ್ದೆಯ ಲೆಕ್ಕಕ್ಕೆ ಕೊಡಲು ಮುಖ್ಯೋಪಾಧ್ಯಾಯರ ಮನಸ್ಸೊಂದು ಸಾಕು.

ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರಿದೆ. ಶರಣರ ಪದವೊಂದು ಸರ್ಕಾರದ ಕಡತವನ್ನು ಸೇರಿ, ಪ್ರತಿದಿನವೂ ಲಕ್ಷಾಂತರ ಮಕ್ಕಳ ತಟ್ಟೆಗೆ ಬರುತ್ತಿದೆ. ದಾಸೋಹ ಬಂದಿದೆ, ಅದರ ಒಡಹುಟ್ಟಾದ ಕಾಯಕ ಇನ್ನೂ ಶಾಲೆಯ ಹೊರಗೇ ನಿಂತಿದೆ. ಮಳೆಗಾಲದ ಸೌತೆ, ಬೆಂಡೆ, ಅಲಸಂದೆ, ಬಸಳೆಗಳನ್ನು ಮಕ್ಕಳು ತಾವೇ ಬೆಳೆದು, ತೂಗಿ, ಪುಸ್ತಕದಲ್ಲಿ ಬರೆದು ಬಿಸಿಯೂಟದ ಅಡುಗೆಮನೆಗೆ ಒಪ್ಪಿಸಿದ ದಿನ ಅವೆರಡೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಗುತ್ತದೆ.

ಆದುದರಿಂದ ಶರಣಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ಮುಂಗಾರಿಗೆ ನಿಮ್ಮ ಊರಿನ ಶಾಲೆಗೆ ಹೋಗಿ, ಒಂದು ಗುಂಟೆ ನೆಲವನ್ನು, ಒಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕವನ್ನು ದಾನವಾಗಿ ಕೊಡಿ. ಪುಸ್ತಕವು ಹನ್ನೆರಡು ವರ್ಷಕ್ಕೆ ಸಾಕಾಗುವಷ್ಟು ದೊಡ್ಡದಿರಲಿ. ಮೊದಲ ಹಾಳೆಯನ್ನು ಬರೆದ ಮಗು ಕಾಲೇಜು ಮುಗಿಸಿ ಎಲ್ಲಿಯೇ ಇದ್ದರೂ, ಕೊನೆಯ ಹಾಳೆಯನ್ನು ಬರೆಯುವ ಮಗುವಿಗೆ ಅದರ ಅಕ್ಷರ ಉಪಯೋಗಕ್ಕೆ ಬರುತ್ತದೆ.